ಊಟ ಬಿಡುವುದು ಬರೀ ಹಠವೇ? ಮನಃಶಾಸ್ತ್ರದ ಪರೀಕ್ಷೆಗಳು ಹೇಳುವುದೇನು



ಅನೋರೆಕ್ಸಿಯಾ ನರ್ವೋಸಾ ಎಂಬುದು ಆಹಾರ ಸೇವನೆಗೆ ಸಂಬಂಧಿಸಿದ ಮಾನಸಿಕ ಕಾಯಿಲೆ. ಇದು ಬಂದವರು ದಪ್ಪಗಾಗುವ ಭಯದಿಂದ ಊಟ ಕಡಿಮೆ ಮಾಡುತ್ತಾ ಹೋಗುತ್ತಾರೆ. ಮೈ ಸೊರಗಿ ಮೂಳೆ ಕಂಡರೂ ನಿಲ್ಲಿಸಲಾರರು. ಮನೆಯವರು ಇದನ್ನು 'ಹಠ' ಎನ್ನುತ್ತಾರೆ. ಆದರೆ ಹಠಕ್ಕೂ ಕಾಯಿಲೆಗೂ ವ್ಯತ್ಯಾಸವಿದೆ. ಅದನ್ನು ತಿಳಿಯಲು ಮನಃಶಾಸ್ತ್ರಜ್ಞರು 'ಎಕ್ಸಿಕ್ಯೂಟಿವ್ ಫಂಕ್ಷನ್' ಪರೀಕ್ಷೆಗಳ ನೆರವು ಪಡೆದಿದ್ದಾರೆ.

ಎಕ್ಸಿಕ್ಯೂಟಿವ್ ಫಂಕ್ಷನ್ ಎಂದರೇನು?

ಯೋಜನೆ ಹಾಕುವುದು, ಆತುರವನ್ನು ತಡೆಯುವುದು, ಪರಿಸ್ಥಿತಿ ಬದಲಾದಾಗ ನಾವೂ ದಾರಿ ಬದಲಿಸುವುದು: ಈ ಸಾಮರ್ಥ್ಯಗಳ ಒಟ್ಟು ಹೆಸರೇ ಇದು. ಇದರಲ್ಲಿ ಮಿದುಳಿನ ಮುಂಭಾಗದ ಪಾತ್ರ ದೊಡ್ಡದು.

ಮುಖ್ಯ ಪರೀಕ್ಷೆಗಳು

1. ವಿಸ್ಕಾನ್ಸಿನ್ ಕಾರ್ಡ್ ಸಾರ್ಟಿಂಗ್ ಟೆಸ್ಟ್: 1948ರಲ್ಲಿ ಬರ್ಗ್ ಮತ್ತು ಗ್ರಾಂಟ್ ಪರಿಚಯಿಸಿದ ಪರೀಕ್ಷೆ. ಎದುರಿಗೆ 4 ಮಾದರಿ ಕಾರ್ಡುಗಳಿರುತ್ತವೆ. ಕೈಯಲ್ಲಿರುವ ಪ್ರತಿ ಕಾರ್ಡನ್ನು ಅವುಗಳಲ್ಲಿ ಒಂದಕ್ಕೆ ಹೊಂದಿಸಬೇಕು. ಬಣ್ಣ ನೋಡಬೇಕೋ, ಆಕಾರವೋ, ಸಂಖ್ಯೆಯೋ ಎಂದು ಯಾರೂ ಹೇಳುವುದಿಲ್ಲ. 'ಸರಿ' ಅಥವಾ 'ತಪ್ಪು' ಎಂಬ ಉತ್ತರ ಮಾತ್ರ ಸಿಗುತ್ತದೆ. ಸತತ 10 ಬಾರಿ ಸರಿಯಾದ ಮೇಲೆ ಸದ್ದಿಲ್ಲದೆ ನಿಯಮ ಬದಲಾಗುತ್ತದೆ. 'ತಪ್ಪು' ಎಂದ ಮೇಲೂ ಹಳೆಯ ನಿಯಮಕ್ಕೇ ಅಂಟಿಕೊಂಡರೆ ಅಂಥ ತಪ್ಪುಗಳನ್ನು ಬೇರೆಯಾಗಿ ಎಣಿಸುತ್ತಾರೆ.

2. ಟ್ರೇಲ್ ಮೇಕಿಂಗ್ ಟೆಸ್ಟ್: ಮೊದಲ ಭಾಗದಲ್ಲಿ 1ರಿಂದ 25ರವರೆಗೆ ಗೆರೆ ಎಳೆದು ಸೇರಿಸಬೇಕು. ಎರಡನೇ ಭಾಗದಲ್ಲಿ 1, ಎ, 2, ಬಿ ಎಂದು ಅಂಕಿ ಅಕ್ಷರಗಳನ್ನು ಸರದಿಯಂತೆ ಸೇರಿಸಬೇಕು. ಎರಡನೆಯದಕ್ಕೆ ಎಷ್ಟು ಹೆಚ್ಚು ಸಮಯ ಬೇಕಾಯಿತು ಎಂಬುದೇ ಮುಖ್ಯ.

ಕಂಡುಬಂದದ್ದು

ಲಂಡನ್ನಿನ ಕಿಂಗ್ಸ್ ಕಾಲೇಜಿನ ಕೇಟ್ ಚಾಂಟೂರಿಯಾ ಮತ್ತು ಸಂಗಡಿಗರು ಈ ವಿಷಯದಲ್ಲಿ ಹಲವು ಅಧ್ಯಯನ ಮಾಡಿದ್ದಾರೆ. ಅನೋರೆಕ್ಸಿಯಾ ಇರುವ ವಯಸ್ಕರ ಗುಂಪು ಸರಾಸರಿಯಲ್ಲಿ ನಿಯಮ ಬದಲಿಸಿಕೊಳ್ಳಲು ಹೆಚ್ಚು ಕಷ್ಟಪಡುತ್ತದೆ ಎಂದು ಕಂಡಿತು. 'ಇಷ್ಟೇ ತಿನ್ನಬೇಕು' ಎಂದು ತಾವೇ ಹಾಕಿಕೊಂಡ ನಿಯಮ ಮೈಗೆ ಮುಳುವಾದರೂ ಅದನ್ನು ಬಿಡಲಾಗದಿರುವುದಕ್ಕೆ ಇದೂ ಒಂದು ಕಾರಣವಿರಬಹುದು.

ಹಸಿವು ಮೊದಲೋ, ಸ್ವಭಾವ ಮೊದಲೋ?

ಇಲ್ಲೊಂದು ಪ್ರಶ್ನೆ ಏಳುತ್ತದೆ. ಹಸಿದ ಮಿದುಳು ಹೀಗೆ ವರ್ತಿಸುತ್ತದೆಯೋ, ಮೊದಲಿನಿಂದಲೇ ಹೀಗಿತ್ತೋ? 1944–45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅವರು 36 ಆರೋಗ್ಯವಂತ ಯುವಕರಿಗೆ 24 ವಾರ ಅರೆಹೊಟ್ಟೆ ಊಟ ಕೊಟ್ಟರು. ಅವರ ಮನಸ್ಸೆಲ್ಲ ಊಟದ ಯೋಚನೆಯಲ್ಲೇ ಮುಳುಗಿತು. ಕೆಲವರು ಅಡುಗೆ ಪುಸ್ತಕ ಕೂಡಿಡತೊಡಗಿದರು. ಗಮನ ನಿಲ್ಲುತ್ತಿಲ್ಲ ಎಂದು ದೂರಿದರು. ಅಂದರೆ ಹಸಿವೊಂದೇ ಮನಸ್ಸನ್ನು ಕಟ್ಟಿಹಾಕಬಲ್ಲದು. ಇನ್ನೊಂದೆಡೆ, ರೋಗಿಗಳ ಆರೋಗ್ಯವಂತ ಸಹೋದರಿಯರಲ್ಲೂ ನಿಯಮ ಬದಲಿಸುವ ಕಷ್ಟ ಸ್ವಲ್ಪ ಕಂಡಿದೆ. ಆದ್ದರಿಂದ ಎರಡೂ ಕಾರಣಗಳಿಗೆ ಜಾಗವಿದೆ.

ಮರೆಯಬಾರದ ಮಾತುಗಳು

• ಇದು ಗುಂಪಿನ ಸರಾಸರಿ. ಕಾಯಿಲೆಯಿದ್ದರೂ ಪರೀಕ್ಷೆಯಲ್ಲಿ ಚೆನ್ನಾಗಿ ಮಾಡುವವರು ಅನೇಕರು. ಹದಿಹರೆಯದವರಲ್ಲಂತೂ ಈ ವ್ಯತ್ಯಾಸ ಅಷ್ಟು ಸ್ಪಷ್ಟವಾಗಿ ಕಂಡಿಲ್ಲ.
• ಕಾರ್ಡು ಜೋಡಿಸಿ ಕಾಯಿಲೆ ಪತ್ತೆಹಚ್ಚಲಾಗದು. ರೋಗನಿರ್ಣಯ ವೈದ್ಯರ ಕೆಲಸ.
• ಮನಸ್ಸನ್ನು ಹೊರಳಿಸುವ ಅಭ್ಯಾಸ ಮಾಡಿಸುವ 'ಕಾಗ್ನಿಟಿವ್ ರೆಮೆಡಿಯೇಷನ್' ಎಂಬ ತರಬೇತಿ ಇದೆ. ಅದು ಮುಖ್ಯ ಚಿಕಿತ್ಸೆಗೆ ಜೊತೆಯಷ್ಟೆ. ಸರಿಯಾದ ಪೋಷಣೆಗೆ ಬದಲಿ ಅಲ್ಲ.

ಗೆಳತಿಯೋ ಗೆಳೆಯನೋ ದಿನವೂ ಊಟದ ಡಬ್ಬಿಯನ್ನು ತೆರೆಯದೇ ಮನೆಗೆ ಒಯ್ಯುತ್ತಿದ್ದರೆ, ಸೊರಗುತ್ತಿದ್ದರೆ, ಗೇಲಿ ಮಾಡಬೇಡಿ, 'ಹಠಮಾರಿ' ಎಂದು ಹೆಸರಿಡಬೇಡಿ. ನಂಬಿಕೆಯ ಉಪನ್ಯಾಸಕರಿಗೋ ಮನೆಯ ಹಿರಿಯರಿಗೋ ತಿಳಿಸಿ. ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416ಕ್ಕೂ ಕರೆ ಮಾಡಬಹುದು. ಈ ಕಾಯಿಲೆ ಪ್ರಾಣಕ್ಕೂ ಅಪಾಯ ತರಬಲ್ಲದು. ಬೇಗ ಚಿಕಿತ್ಸೆ ಸಿಕ್ಕಷ್ಟೂ ಒಳಿತು.