ಕಚೇರಿ ಜಾಲದ ಲೆಕ್ಕಪತ್ರಗಳು ಮತ್ತು ಮೀಸಲು ಪ್ರತಿ

ಯಾದಗಿರಿಯ ಬೇಳೆ ಗಿರಣಿಯಿರಲಿ, ಶಹಾಪುರದ ಹತ್ತಿ ಜಿನ್ನಿಂಗ್ ಕಾರ್ಖಾನೆಯಿರಲಿ, ಸುರಪುರದ ಅಡತಿ ಅಂಗಡಿಯಿರಲಿ, ಕೆಂಪು ರಟ್ಟಿನ ಲೆಕ್ಕದ ವಹಿಯು ಇಂದು ಬಹುಮಟ್ಟಿಗೆ ದೀಪಾವಳಿಯ ಪೂಜೆಗೆ ಮಾತ್ರ ಉಳಿದುಕೊಂಡಿದೆ. ನಿತ್ಯದ ಕಿರ್ದಿ, ಖಾತೆ, ದಾಸ್ತಾನು, ಉದ್ರಿ ಬಾಕಿ ಇವೆಲ್ಲವೂ ಕಂಪ್ಯೂಟರಿನೊಳಗೆ ಸೇರಿವೆ. 1986ರಲ್ಲಿ ಎಸ್.ಎಸ್. ಗೋಯೆಂಕಾ ಹಾಗೂ ಅವರ ಪುತ್ರ ಭರತ್ ಗೋಯೆಂಕಾ ಆರಂಭಿಸಿದ, ಬೆಂಗಳೂರಿನಲ್ಲಿ ನೆಲೆಗೊಂಡ ಸಂಸ್ಥೆಯ ಟ್ಯಾಲಿ ತಂತ್ರಾಂಶವು ಸಣ್ಣ ಪಟ್ಟಣಗಳ ವರ್ತಕರಿಗೂ ಪರಿಚಿತವಾಗಿದೆ. 2005ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ವ್ಯಾಟ್ ಮತ್ತು 2017ರ ಜುಲೈನಲ್ಲಿ ಬಂದ ಜಿಎಸ್‌ಟಿ ಈ ಬದಲಾವಣೆಯನ್ನು ತ್ವರಿತಗೊಳಿಸಿದವು. ವಹಿಯನ್ನು ಕಬ್ಬಿಣದ ತಿಜೋರಿಯಲ್ಲಿಟ್ಟು ಬೀಗ ಹಾಕುತ್ತಿದ್ದ ವರ್ತಕರು ಕಂಪ್ಯೂಟರಿನ ಲೆಕ್ಕಕ್ಕೆ ಅಷ್ಟೇ ಕಾಳಜಿ ವಹಿಸುತ್ತಿರುವರೇ ಎಂಬುದು ಪ್ರಶ್ನೆ.

ಒಂದಕ್ಕಿಂತ ಹೆಚ್ಚು ಕಂಪ್ಯೂಟರುಗಳಿರುವ ಕಚೇರಿಯಲ್ಲಿ ಲೆಕ್ಕದ ದತ್ತಾಂಶವು ವಾಸ್ತವವಾಗಿ ಎಲ್ಲಿದೆ ಎಂಬುದನ್ನು ಮೊದಲು ತಿಳಿಯಬೇಕು. ತೂಕದ ಕಾಟಾದ ಬಳಿ ಒಂದು, ಗುಮಾಸ್ತರ ಮೇಜಿನ ಮೇಲೆ ಒಂದು, ಮಾಲೀಕರ ಕೋಣೆಯಲ್ಲಿ ಒಂದು ಕಂಪ್ಯೂಟರ್ ಇದ್ದು ಮೂರರಲ್ಲಿಯೂ ಅದೇ ಲೆಕ್ಕ ಕಾಣುವುದರಿಂದ ಮೂರು ಕಡೆ ಪ್ರತಿಗಳಿವೆ ಎಂದು ಭಾವಿಸುವವರುಂಟು. ಇದು ತಪ್ಪು ಗ್ರಹಿಕೆ. ದತ್ತಾಂಶವಿರುವುದು ಒಂದೇ ಕಂಪ್ಯೂಟರಿನ ಹಂಚಿಕೆಯ ಕೋಶದಲ್ಲಿ. ಉಳಿದವು ಜಾಲದ ತಂತಿಯ ಮೂಲಕ ಅದನ್ನೇ ಇಣುಕಿ ನೋಡುತ್ತವೆ. ಆ ಒಂದು ಹಾರ್ಡ್ ಡಿಸ್ಕ್ ಕೆಟ್ಟರೆ ಮೂರು ಮೇಜುಗಳೂ ಒಮ್ಮೆಲೇ ಬರಿದಾಗುತ್ತವೆ.

ಏನು ಕಳೆದುಹೋಗುತ್ತದೆ?

"ಲೆಕ್ಕ ಹೋದರೇನು, ಜಿಎಸ್‌ಟಿ ಜಾಲತಾಣದಲ್ಲಿ ಎಲ್ಲವೂ ಇದೆಯಲ್ಲ" ಎಂಬ ಮಾತು ಆಗಾಗ ಕೇಳಿಬರುತ್ತದೆ. ಅದು ಅರ್ಧ ಸತ್ಯ. ನೋಂದಾಯಿತ ವರ್ತಕರಿಗೆ ಮಾಡಿದ ಮಾರಾಟದ ವಿವರ ಜಿಎಸ್‌ಟಿಆರ್-1ರಲ್ಲಿ ದೊರೆಯುತ್ತದೆ. ನೋಂದಾಯಿತರಿಂದ ಕೊಂಡ ಸರಕಿನ ವಿವರವು ಜಿಎಸ್‌ಟಿಆರ್-2ಬಿಯಲ್ಲಿ ಸಿಗುತ್ತದೆ. ಬ್ಯಾಂಕಿನ ವ್ಯವಹಾರವನ್ನು ಪಾಸ್‌ಬುಕ್ಕಿನಿಂದ ಮತ್ತೆ ಬರೆಯಬಹುದು. ಆದರೆ ಈ ಮೂರು ತಾಲ್ಲೂಕುಗಳ ವ್ಯಾಪಾರದ ಜೀವಾಳವಿರುವುದು ರೈತರಿಂದ ಮಾಡುವ ಖರೀದಿಯಲ್ಲಿ. ರೈತನು ಇನ್‌ವಾಯ್ಸ್ ಕೊಡುವುದಿಲ್ಲ. ಹತ್ತಿಯನ್ನೇ ನೋಡಿದರೆ, ರೈತರಿಂದ ಕೊಳ್ಳುವ ಕಚ್ಚಾ ಹತ್ತಿಯ ಮೇಲಿನ ತೆರಿಗೆಯನ್ನು 2017ರ ನವೆಂಬರ್ 15ರಿಂದ ಕೊಳ್ಳುವ ನೋಂದಾಯಿತ ವರ್ತಕನೇ ತುಂಬಬೇಕಾಗಿದೆ; ಖರೀದಿಯ ದಾಖಲೆಯನ್ನೂ ಅವನೇ ಬರೆದುಕೊಳ್ಳಬೇಕು. ಮಾಸಿಕ ಜಿಎಸ್‌ಟಿಆರ್-3ಬಿಯಲ್ಲಿ ಅದರ ಒಟ್ಟು ಮೊತ್ತ ಮಾತ್ರ ಕಾಣುತ್ತದೆ. ಯಾವ ಊರಿನ ಯಾವ ರೈತನಿಂದ ಎಷ್ಟು ಕ್ವಿಂಟಲ್, ಯಾವ ದರಕ್ಕೆ, ಮುಂಗಡ ಎಷ್ಟು, ಹಮಾಲಿ ಎಷ್ಟು, ಕೊಡಬೇಕಾದ ಬಾಕಿ ಎಷ್ಟು ಎಂಬುದು ವರ್ತಕನ ಲೆಕ್ಕದಲ್ಲಲ್ಲದೆ ಬೇರೆಲ್ಲಿಯೂ ಇರುವುದಿಲ್ಲ. ಸುಗ್ಗಿಯ ನಡುವೆ ಈ ಲೆಕ್ಕ ನಾಶವಾದರೆ ರೈತನ ಕೈಯಲ್ಲಿರುವ ಚೀಟಿಯೇ ಸಾಕ್ಷಿ. ಚೀಟಿ ಕಳೆದುಕೊಂಡ ರೈತನಿಗೂ ವರ್ತಕನಿಗೂ ನಡುವೆ ಉಳಿಯುವುದು ಬರಿಯ ಮಾತು. ಇಂತಹ ಒಂದು ಜಗಳದಿಂದ ಪೇಟೆಯಲ್ಲಿ ಹಲವು ವರ್ಷಗಳ ನಂಬಿಕೆ ಕೆಡಬಲ್ಲದು.

ಕಾನೂನು ಕೂಡ ಈ ವಿಷಯದಲ್ಲಿ ಮೌನವಾಗಿಲ್ಲ. ಲೆಕ್ಕವನ್ನು ಕಂಪ್ಯೂಟರಿನಲ್ಲಿ ಇಡುವವರು ಸೂಕ್ತ ಮೀಸಲು ಪ್ರತಿಯನ್ನು ಕಾಪಾಡಬೇಕು, ಅಪಘಾತ ಅಥವಾ ನೈಸರ್ಗಿಕ ಕಾರಣದಿಂದ ದಾಖಲೆ ನಾಶವಾದರೆ ಅದನ್ನು ಯುಕ್ತ ಕಾಲದೊಳಗೆ ಮರಳಿ ಪಡೆಯುವಂತಿರಬೇಕು ಎಂದು ಜಿಎಸ್‌ಟಿ ನಿಯಮ 57 ಹೇಳುತ್ತದೆ. ಕಾಯ್ದೆಯ 36ನೇ ಕಲಮಿನಂತೆ, ವಾರ್ಷಿಕ ರಿಟರ್ನ್ ಸಲ್ಲಿಸಲು ನಿಗದಿಯಾದ ದಿನದಿಂದ 72 ತಿಂಗಳು ಲೆಕ್ಕಗಳನ್ನು ಉಳಿಸಿಕೊಳ್ಳಬೇಕು. 2023-24ರ ಲೆಕ್ಕವೆಂದರೆ 2030ರ ಡಿಸೆಂಬರ್ 31ರವರೆಗೆ ಎಂದಾಯಿತು. ಮೇಲ್ಮನವಿ ನಡೆಯುತ್ತಿದ್ದರೆ ಅವಧಿ ಇನ್ನೂ ಉದ್ದವಾಗಬಹುದು. ಪ್ರೈವೇಟ್ ಲಿಮಿಟೆಡ್ ಸಂಸ್ಥೆಗಳಿಗಂತೂ 2022ರ ಆಗಸ್ಟ್ ತಿದ್ದುಪಡಿಯ ನಂತರ ಭಾರತದಲ್ಲಿಯೇ ಇರುವ ಸರ್ವರಿನಲ್ಲಿ ಪ್ರತಿದಿನದ ಮೀಸಲು ಪ್ರತಿ ಕಡ್ಡಾಯ.

ಪ್ರತಿ ತೆಗೆಯುವ ಕ್ರಮ

ಜಾಲದಲ್ಲಿ ಹಂಚಿಕೊಂಡ ಲೆಕ್ಕದ ಪ್ರತಿ ತೆಗೆಯುವಾಗ ಮುಖ್ಯವಾಗಿ ಆಗುವ ತಪ್ಪು ಎಂದರೆ, ಇತರರು ಕೆಲಸ ಮಾಡುತ್ತಿರುವಾಗಲೇ ಕೋಶವನ್ನು ನಕಲು ಮಾಡುವುದು. ದತ್ತಾಂಶವು ಹಲವು ಕಡತಗಳಲ್ಲಿ ಹಂಚಿಕೊಂಡಿರುತ್ತದೆ. ಒಂದು ಕಡತ ನಕಲಾದ ಮೇಲೆ, ಇನ್ನೊಂದು ನಕಲಾಗುವ ಮುನ್ನ ಗುಮಾಸ್ತರು ಒಂದು ವೋಚರ್ ಬರೆದರೆ ಎರಡು ಕಡತಗಳ ನಡುವೆ ಹೊಂದಾಣಿಕೆ ತಪ್ಪುತ್ತದೆ. ಪ್ರತಿ ಇದೆ ಎಂಬ ಸಮಾಧಾನವಿರುತ್ತದೆ. ಬೇಕಾದಾಗ ಅದು ತೆರೆಯುವುದಿಲ್ಲ. ಆದುದರಿಂದ ಸಂಜೆ ನಗದು ತಾಳೆ ನೋಡಿದ ಬಳಿಕ ಎಲ್ಲ ಕಂಪ್ಯೂಟರುಗಳಲ್ಲಿಯೂ ಲೆಕ್ಕದ ಕಂಪನಿಯನ್ನು ಮುಚ್ಚಿಸಿ, ಆಮೇಲೆ ಪ್ರತಿ ತೆಗೆಯಬೇಕು. ಯಾರಾದರೂ ಮುಚ್ಚಲು ಮರೆತಿದ್ದರೆ ವಿಂಡೋಸ್‌ನ ಕಂಪ್ಯೂಟರ್ ಮ್ಯಾನೇಜ್‌ಮೆಂಟ್‌ನಲ್ಲಿ ಹಂಚಿಕೆಯ ಕೋಶಗಳ ಕೆಳಗೆ ತೆರೆದಿರುವ ಕಡತಗಳ ಪಟ್ಟಿ ಕಾಣುತ್ತದೆ. ತಂತ್ರಾಂಶದಲ್ಲಿಯೇ ಇರುವ ಬ್ಯಾಕಪ್ ಆಯ್ಕೆಯನ್ನು ಬಳಸುವುದು ಲೇಸು. ಟ್ಯಾಲಿ ಪ್ರೈಮ್‌ನಲ್ಲಿ ಆಲ್ಟ್ ಮತ್ತು ವೈ ಒತ್ತಿದರೆ ಅದು ದೊರೆಯುತ್ತದೆ.

ತೆಗೆದ ಪ್ರತಿಯನ್ನು ಅದೇ ಕಂಪ್ಯೂಟರಿನ 'ಡಿ' ವಿಭಾಗದಲ್ಲಿ ಇಟ್ಟರೆ ಪ್ರಯೋಜನ ಅತ್ಯಲ್ಪ. 'ಸಿ' ಮತ್ತು 'ಡಿ' ಸಾಮಾನ್ಯವಾಗಿ ಒಂದೇ ಡಿಸ್ಕಿನ ಎರಡು ಕೋಣೆಗಳು. ಎರಡು ಡಿಸ್ಕುಗಳಲ್ಲಿ ಏಕಕಾಲಕ್ಕೆ ಬರೆಯುವ ವ್ಯವಸ್ಥೆಯೂ ಮೀಸಲು ಪ್ರತಿಯಲ್ಲ. ತಪ್ಪಾಗಿ ಅಳಿಸಿದ್ದು ಎರಡರಲ್ಲಿಯೂ ಅಳಿಸಿಹೋಗುತ್ತದೆ. ಚಾಲ್ತಿ ಲೆಕ್ಕದ ಕೋಶವನ್ನೇ ಗೂಗಲ್ ಡ್ರೈವ್‌ನಂತಹ ಸೇವೆಗೆ ಜೋಡಿಸುವುದು ಇತ್ತೀಚಿನ ಅಪಾಯಕಾರಿ ರೂಢಿ. ಅರ್ಧ ಬರೆದ ಕಡತವೂ ಮೇಲೇರಿ ಕೂರುತ್ತದೆ. ಅಂತರ್ಜಾಲಕ್ಕೆ ಕಳುಹಿಸಬೇಕಾದದ್ದು ಮುಗಿದ ಬ್ಯಾಕಪ್ ಕಡತವನ್ನು ಮಾತ್ರ, ಅದೂ ಗುಪ್ತಪದ ಹಾಕಿದ ನಂತರ.

ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಸ್ಥಳದಲ್ಲಿ ಎಂಬುದು ಈ ವಿಷಯದಲ್ಲಿ ಜಗತ್ತಿನಾದ್ಯಂತ ಒಪ್ಪಿತವಾದ ಸೂತ್ರ. ಇದರಲ್ಲಿ ಮೂರನೆಯ ಅಂಶವೇ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗಿದೆ. ಅಂಗಡಿಯ ಮೇಲಿನ ಮಹಡಿಯಲ್ಲಿರುವ ಮನೆ 'ಬೇರೆ ಸ್ಥಳ'ವಲ್ಲ. ಬೆಂಕಿಗೆ ಎರಡೂ ಒಂದೇ. 2019ರ ಆಗಸ್ಟ್‌ನಲ್ಲಿ ಕೃಷ್ಣೆಯೂ 2020ರ ಅಕ್ಟೋಬರ್‌ನಲ್ಲಿ ಭೀಮೆಯೂ ಉಕ್ಕಿ ಹರಿದುದನ್ನು ಜಿಲ್ಲೆಯ ಜನ ಮರೆತಿಲ್ಲ. ಯಾದಗಿರಿಯಲ್ಲಿ ಅಂಗಡಿ, ಶಹಾಪುರದಲ್ಲಿ ಶಾಖೆ ಅಥವಾ ಬೀಗರ ಮನೆ ಇರುವವರು ಸಾಕಷ್ಟು ಮಂದಿ. ವಾರಕ್ಕೊಮ್ಮೆ ಹೋಗಿ ಬರುವಾಗ ಒಂದು ಡಿಸ್ಕನ್ನು ಒಯ್ದು, ಹಿಂದಿನ ವಾರದ್ದನ್ನು ಮರಳಿ ತಂದರೆ ಪೆಟ್ರೋಲ್ ಖರ್ಚೂ ಹೆಚ್ಚುವರಿಯಾಗಿ ಬೀಳದು.

2017ರ ಮೇ 12ರಂದು ಹರಡತೊಡಗಿದ ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶವು ವಿಂಡೋಸ್‌ನ ಕಡತ ಹಂಚಿಕೆಯ ವ್ಯವಸ್ಥೆಯಲ್ಲಿದ್ದ ದೋಷದ ಮೂಲಕವೇ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ನುಗ್ಗಿತು. ಮೈಕ್ರೋಸಾಫ್ಟ್ ಆ ದೋಷದ ಪರಿಹಾರವನ್ನು ಎರಡು ತಿಂಗಳು ಮೊದಲೇ ಒದಗಿಸಿತ್ತು, ಅಳವಡಿಸಿಕೊಳ್ಳದವರು ನಷ್ಟಕ್ಕೊಳಗಾದರು. ಇಂತಹ ತಂತ್ರಾಂಶಗಳು ಹಂಚಿಕೆಯ ಕೋಶಗಳನ್ನೂ, ಆ ಹೊತ್ತಿಗೆ ಜೋಡಿಸಿದ ಪೆನ್ ಡ್ರೈವನ್ನೂ ಬಿಡದೆ ಬೀಗ ಜಡಿಯುತ್ತವೆ. ಹೀಗಾಗಿ ಪ್ರತಿ ತೆಗೆದ ಕೂಡಲೇ ಡಿಸ್ಕನ್ನು ಕಂಪ್ಯೂಟರಿನಿಂದ ಬಿಡಿಸಿ ತಿಜೋರಿಯಲ್ಲಿ ಇಡಬೇಕು. ಪ್ರತಿದಿನವೂ ಹಿಂದಿನ ದಿನದ ಪ್ರತಿಯ ಮೇಲೆಯೇ ಬರೆಯುವುದೂ ಸಲ್ಲದು. ದೋಷ ನಾಲ್ಕು ದಿನ ತಡವಾಗಿ ಕಣ್ಣಿಗೆ ಬಿದ್ದರೆ ನಾಲ್ಕು ದಿನಗಳ ಪ್ರತಿಗಳಲ್ಲಿಯೂ ಅದೇ ದೋಷವಿರುತ್ತದೆ. ಸೋಮವಾರ, ಮಂಗಳವಾರ ಎಂದು ವಾರದ ದಿನಗಳಿಗೆ ಪ್ರತ್ಯೇಕ ಕೋಶ, ತಿಂಗಳ ಕೊನೆಗೆ ಅಳಿಸದ ಒಂದು ಪ್ರತಿ, ಮಾರ್ಚ್ 31ರ ಪ್ರತಿಯನ್ನು 72 ತಿಂಗಳಿಗೂ ಮೀರಿ ಕಾಯ್ದಿಡುವುದು, ಸಣ್ಣ ಕಚೇರಿಗೆ ಇಷ್ಟು ಸಾಕು. ಸರ್ವರಿಗೆ ಯುಪಿಎಸ್ ಇರಲೇಬೇಕೆಂದು ಈ ಭಾಗದ ವಿದ್ಯುತ್ತಿನ ಪರಿಚಯವಿರುವವರಿಗೆ ಹೇಳಬೇಕಾಗಿಲ್ಲ.

ಕೆಲಸವನ್ನು ಒಬ್ಬ ಗುಮಾಸ್ತರ ನೆನಪಿಗೆ ಬಿಡದೆ, ಯಾವ ದಿನ ಯಾರು ಪ್ರತಿ ತೆಗೆದರು ಎಂಬುದಕ್ಕೆ ಒಂದು ಪುಸ್ತಕವಿಟ್ಟು ಸಹಿ ಮಾಡಿಸಬೇಕು. ಟ್ಯಾಲಿ ವಾಲ್ಟ್ ಗುಪ್ತಪದವನ್ನು ಬಳಸುವವರು ಅದನ್ನು ಲಕೋಟೆಯಲ್ಲಿ ಬರೆದು ತಿಜೋರಿಯಲ್ಲಿ ಇಡಬೇಕು. ಅದು ಮರೆತುಹೋದರೆ ಪ್ರತಿಗಳೆಷ್ಟಿದ್ದರೂ ತೆರೆಯಲಾಗುವುದಿಲ್ಲ.

ತೆರೆದು ನೋಡದ ಪ್ರತಿಯನ್ನು ಪ್ರತಿ ಎಂದು ಲೆಕ್ಕಿಸಲಾಗದು. ತಿಂಗಳಿಗೊಮ್ಮೆ ಜಾಲದಲ್ಲಿಲ್ಲದ ಬೇರೊಂದು ಕಂಪ್ಯೂಟರಿನಲ್ಲಿ, ಹೊಸ ಖಾಲಿ ಕೋಶದೊಳಗೆ ಅದನ್ನು ಮರುಸ್ಥಾಪಿಸಬೇಕು. ಚಾಲ್ತಿ ಕೋಶದ ಮೇಲೆಯೇ ಹಳೆಯ ಪ್ರತಿಯನ್ನು ಸುರಿದರೆ ಇಂದಿನ ಲೆಕ್ಕವೇ ಅಳಿಸಿಹೋಗುತ್ತದೆ. ಪರೀಕ್ಷೆ ಮಾಡಲು ಹೋಗಿ ನಷ್ಟ ಮಾಡಿಕೊಳ್ಳುವ ಬಗೆ ಇದು. ಮರುಸ್ಥಾಪಿಸಿದ ಮೇಲೆ ಕೊನೆಯ ವೋಚರಿನ ಸಂಖ್ಯೆ, ನಗದು ಶಿಲ್ಕು, ತಾಳೆಪಟ್ಟಿಯ ಮೊತ್ತ, ದಾಸ್ತಾನಿನ ತೂಕ ಇವು ನಾಲ್ಕನ್ನು ಪ್ರತಿ ತೆಗೆದ ದಿನದ ಅಂಕಿಗಳೊಂದಿಗೆ ಹೋಲಿಸಿದರೆ ಸಾಕು. ಅದಕ್ಕೆ ಹಿಡಿಯುವುದು ಅರ್ಧ ಗಂಟೆ. ವರ್ಷದ ಮೊದಲ ಪರೀಕ್ಷೆಯನ್ನು ತೊಗರಿಯ ಆವಕ ಏರುವ ಡಿಸೆಂಬರಿಗೆ ಮುಂಚೆ, ಹತ್ತಿಯ ಗಾಡಿಗಳು ಕಾಟಾದ ಮುಂದೆ ಸಾಲುಗಟ್ಟುವ ಮುನ್ನವೇ ಮುಗಿಸಿಕೊಳ್ಳುವುದು ಅನುಕೂಲ.