ಬೆಳಗಿನ ಸಕ್ಕರೆಯ ಲೆಕ್ಕ: ಮಧುಮೇಹವಿರುವ ರೈತರಿಗೆ ಒಂದು ಪಾಠ



ಸಕ್ಕರೆ ಕಾಯಿಲೆಯು ಪಟ್ಟಣದಲ್ಲಿ ಕುಳಿತು ಉಣ್ಣುವವರಿಗೆ ಬರುವ ಕಾಯಿಲೆ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆ ಬೇರೆಯೇ ಹೇಳುತ್ತದೆ. ಅದರ ಅಂದಾಜಿನಂತೆ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆ. ಹಳ್ಳಿಗಳಲ್ಲಿ 20 ವರ್ಷ ತುಂಬಿದ ಪ್ರತಿ 100 ಜನರಲ್ಲಿ ಸುಮಾರು 9 ಮಂದಿಗೆ ಇದೆ. ಉಳುವವರು, ಕಳೆ ಕೀಳುವವರು, ಹಾಲು ಕರೆಯುವವರು ಎಲ್ಲರೂ ಈ ಲೆಕ್ಕದಲ್ಲಿ ಸೇರಿದ್ದಾರೆ.

ಬೆರಳ ತುದಿಯ ಒಂದು ಹನಿ ರಕ್ತದಿಂದ ಸಕ್ಕರೆಯನ್ನು ಅಳೆಯುವ ಸಣ್ಣ ಯಂತ್ರವು ಈಗ ಅನೇಕ ರೈತರ ಮನೆಗಳಿಗೆ ಬಂದಿದೆ. ಇದು ಸಂತೋಷದ ಸಂಗತಿ. ಆದರೆ ಅಂಕಿ ಹೆಚ್ಚಿದ್ದ ದಿನ ಎರಡು ಮಾತ್ರೆ ನುಂಗುವುದು, ಕಡಿಮೆಯಿದ್ದ ದಿನ ಮಾತ್ರೆಯನ್ನೇ ಬಿಡುವುದು, ಇವೆರಡೂ ನಡೆಯುತ್ತಿವೆ. ಎರಡೂ ಅಪಾಯಕರ. ಒಂದು ಬೆಳಗಿನ ಅಂಕಿಯಿಂದ ತೀರ್ಮಾನ ಮಾಡಕೂಡದು. ಹಲವು ಬೆಳಗಿನ ಅಂಕಿಗಳನ್ನು ಹಿಂದಿನ ರಾತ್ರಿಯ ಸಂಗತಿಗಳೊಡನೆ ಬರೆದಿಟ್ಟು ವೈದ್ಯರಿಗೆ ತೋರಿಸಬೇಕು. ಈ ಪಾಠದ ಸಾರ ಇಷ್ಟೇ. ಅದು ಹೇಗೆಂಬುದನ್ನು ಮುಂದೆ ನೋಡೋಣ.

ಬರಿಹೊಟ್ಟೆಯ ಅಂಕಿ ಎಂದರೇನು?

ರಾತ್ರಿ ಊಟವಾಗಿ ಕನಿಷ್ಠ 8 ಗಂಟೆ ಕಳೆದ ಮೇಲೆ, ನೀರನ್ನು ಬಿಟ್ಟು ಬೇರೇನನ್ನೂ ಸೇವಿಸದೆ ನೋಡಿದ ಅಂಕಿಯೇ ಬರಿಹೊಟ್ಟೆಯ ಅಂಕಿ. ಬೆಲ್ಲದ ಕಾಫಿ ಕುಡಿದು ನೋಡಿದರೆ ಅದು ಬರಿಹೊಟ್ಟೆಯ ಅಂಕಿಯಲ್ಲ. 100 ಮಿಲಿಲೀಟರ್ ರಕ್ತದಲ್ಲಿ ಎಷ್ಟು ಮಿಲಿಗ್ರಾಂ ಸಕ್ಕರೆಯಿದೆ ಎಂಬುದನ್ನು ಯಂತ್ರ ತೋರಿಸುತ್ತದೆ.

ಕಾಯಿಲೆಯಿಲ್ಲದವರಲ್ಲಿ ಇದು 100ಕ್ಕಿಂತ ಕೆಳಗಿರುತ್ತದೆ. ಪ್ರಯೋಗಾಲಯದ ಪರೀಕ್ಷೆಯಲ್ಲಿ ಎರಡು ಸಾರಿ 126 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮಧುಮೇಹವೆಂದು ವೈದ್ಯರು ನಿರ್ಧರಿಸುತ್ತಾರೆ. ಚಿಕಿತ್ಸೆಯಲ್ಲಿರುವ ಹೆಚ್ಚಿನ ವಯಸ್ಕರಿಗೆ 80ರಿಂದ 130ರ ಒಳಗೆ ಇರುವುದು ಒಳ್ಳೆಯದು. ಮುದುಕರಿಗೆ ಇದಕ್ಕಿಂತ ಮೇಲಿನ ಗುರಿಯನ್ನೂ ಗರ್ಭಿಣಿಯರಿಗೆ ಇದಕ್ಕಿಂತ ಬಿಗಿಯಾದ ಗುರಿಯನ್ನೂ ವೈದ್ಯರು ಇಡುವುದುಂಟು. ನಿಮ್ಮ ಗುರಿ ಎಷ್ಟೆಂದು ಕೇಳಿ, ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ.

ಮೂತ್ರಕ್ಕೆ ಇರುವೆ ಮುತ್ತದಿದ್ದರೆ ಕಾಯಿಲೆಯಿಲ್ಲ ಎಂದು ಕೆಲವರು ನಂಬುತ್ತಾರೆ. ಇದು ತಪ್ಪು. ರಕ್ತದಲ್ಲಿ ಸಕ್ಕರೆಯು ಸುಮಾರು 180 ದಾಟಿದ ಮೇಲೆಯೇ ಸಾಮಾನ್ಯವಾಗಿ ಮೂತ್ರಕ್ಕೆ ಇಳಿಯುತ್ತದೆ. ಅಷ್ಟರವರೆಗೆ ಇರುವೆಗೂ ತಿಳಿಯದು, ನಮಗೂ ತಿಳಿಯದು.

ಉಣ್ಣದಿದ್ದರೂ ಸಕ್ಕರೆ ಏರುವುದೇಕೆ?

"ರಾತ್ರಿ ಒಂದೇ ಮುದ್ದೆ ಉಂಡು ಮಲಗಿದೆ, ಬೆಳಗ್ಗೆ ನೋಡಿದರೆ 160 ಇದೆ. ಯಂತ್ರ ಕೆಟ್ಟಿದೆ" ಎಂದು ಅನೇಕರು ಹೇಳುತ್ತಾರೆ. ಯಂತ್ರ ಕೆಟ್ಟಿರಲೇಬೇಕೆಂದಿಲ್ಲ.

ನಮ್ಮ ಹಿರಿಯರು ಸುಗ್ಗಿಯಲ್ಲಿ ರಾಗಿಯನ್ನು ಹಗೇವಿಗೆ ತುಂಬಿ, ಬೇಕಾದಾಗ ತೆಗೆದು ಬಳಸುತ್ತಿದ್ದರು. ದೇಹದ ಹಗೇವು ಯಕೃತ್ತು, ಅಂದರೆ ಲಿವರು. ಉಂಡಾಗ ಬಂದ ಸಕ್ಕರೆಯಲ್ಲಿ ಒಂದು ಪಾಲನ್ನು ಅದು ಕೂಡಿಡುತ್ತದೆ. ರಾತ್ರಿ ನಾವು ಮಲಗಿರುವಾಗ ಸ್ವಲ್ಪ ಸ್ವಲ್ಪವಾಗಿ ರಕ್ತಕ್ಕೆ ಬಿಡುತ್ತದೆ. ಬೆಳಗಿನ ಜಾವದಲ್ಲಿ ದೇಹವು ಏಳಲು ಸಿದ್ಧವಾಗುವಾಗ ಕೆಲವು ರಸದೂತಗಳು ಹೆಚ್ಚಿ, ಹಗೇವಿನ ಬಾಯನ್ನು ಇನ್ನಷ್ಟು ತೆರೆಯುತ್ತವೆ. ಎಷ್ಟು ಬಿಡಬೇಕೆಂದು ತಡೆಹಿಡಿಯುವುದು ಇನ್‌ಸುಲಿನ್ ಎಂಬ ರಸದ ಕೆಲಸ. ಮಧುಮೇಹದಲ್ಲಿ ಈ ರಸ ಸಾಲದು, ಅಥವಾ ಇದ್ದರೂ ಅದರ ಮಾತು ನಡೆಯದು. ಆದಕಾರಣ ಉಪವಾಸವಿದ್ದರೂ ಬೆಳಗ್ಗೆ ಅಂಕಿ ಏರಿರಬಹುದು. ಇದಕ್ಕೆ ಮದ್ದು ಇನ್ನಷ್ಟು ಉಪವಾಸವಲ್ಲ.

ಇದಲ್ಲದೆ ತಡವಾದ ಊಟ, ಮರೆತ ಮಾತ್ರೆ, ಜ್ವರ, ನಿದ್ದೆಗೇಡು ಇವೂ ಅಂಕಿಯನ್ನು ಏರಿಸುತ್ತವೆ. ರಾಗಿ ಒಳ್ಳೆಯ ಧಾನ್ಯ, ಅದರಲ್ಲಿ ನಾರು ಹೆಚ್ಚು. ಆದರೂ ಅದರ ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಪಿಷ್ಟವೇ. ಆದುದರಿಂದ ಮುದ್ದೆಯ ಗಾತ್ರವನ್ನೂ ಗಮನಿಸಬೇಕು. ಸಕ್ಕರೆಯ ಬದಲು ಬೆಲ್ಲ ತಿಂದರೆ ದೋಷವಿಲ್ಲ ಎಂಬುದೂ ಸರಿಯಲ್ಲ.

ಅಳೆಯುವ ಕ್ರಮ

1. ಮಳೆಮಾಪಕವನ್ನು ದಿನವೂ ಬೆಳಗ್ಗೆ 8-30ಕ್ಕೇ ನೋಡುವಂತೆ, ಸಕ್ಕರೆಯನ್ನೂ ಆದಷ್ಟು ಒಂದೇ ಹೊತ್ತಿಗೆ ನೋಡಬೇಕು.

2. ಕೈಗಳನ್ನು ಸೋಪಿನಿಂದ ತೊಳೆದು ಚೆನ್ನಾಗಿ ಒರೆಸಬೇಕು. ಬೆರಳಿನಲ್ಲಿ ಬೆಲ್ಲದ ಅಥವಾ ಬಾಳೆಹಣ್ಣಿನ ಅಂಟಿದ್ದರೆ ಅಂಕಿ ಸುಳ್ಳಾಗಿ ಏರುತ್ತದೆ. ಆಲೆಮನೆಯಲ್ಲಿ ದುಡಿಯುವವರು ಇದನ್ನು ಮರೆಯಕೂಡದು. ಬೆರಳು ಒದ್ದೆಯಿದ್ದರೆ ರಕ್ತ ತೆಳುವಾಗಿ ಅಂಕಿ ಇಳಿಯುತ್ತದೆ.

3. ಬೆರಳ ತುದಿಯ ನಡುವೆ ಚುಚ್ಚದೆ ಪಕ್ಕದಲ್ಲಿ ಚುಚ್ಚಿ, ನೋವು ಕಡಿಮೆ. ದಿನಕ್ಕೊಂದು ಬೆರಳು ಬದಲಾಯಿಸಿ. ಒಬ್ಬರು ಬಳಸಿದ ಸೂಜಿಯನ್ನು ಇನ್ನೊಬ್ಬರು, ಗಂಡಹೆಂಡಿರಾದರೂ, ಬಳಸತಕ್ಕದ್ದಲ್ಲ.

4. ಪರೀಕ್ಷಾ ಪಟ್ಟಿಗಳ ಡಬ್ಬಿಯ ಮುಚ್ಚಳವನ್ನು ಕೂಡಲೇ ಮುಚ್ಚಿ. ಒಲೆಯ ಬಳಿ, ಬಿಸಿಲು ಬೀಳುವ ಕಿಟಕಿಯಲ್ಲಿ ಇಡಬೇಡಿ. ಅವಧಿ ಮುಗಿದ ಪಟ್ಟಿಯನ್ನು ಬಳಸಬೇಡಿ.

5. ಒಳ್ಳೆಯ ಯಂತ್ರವೂ 100ಕ್ಕೆ 15ರಷ್ಟು ಆಚೀಚೆ ತೋರಿಸಬಹುದು. ಅಂತರರಾಷ್ಟ್ರೀಯ ಮಾನದಂಡವೇ ಇಷ್ಟಕ್ಕೆ ಒಪ್ಪುತ್ತದೆ. ಆದಕಾರಣ ನಿನ್ನೆ 128, ಇಂದು 136 ಎಂದು ಚಿಂತಿಸಬೇಕಾಗಿಲ್ಲ.

ಪರೀಕ್ಷಾ ಪಟ್ಟಿಗೆ ಹಣ ತಗಲುತ್ತದೆ. ಎಲ್ಲರೂ ದಿನವೂ ನೋಡಬೇಕೆಂದಿಲ್ಲ. ಇನ್‌ಸುಲಿನ್ ಚುಚ್ಚಿಕೊಳ್ಳುವವರು ಹೆಚ್ಚು ಸಾರಿ, ಮಾತ್ರೆಯಲ್ಲೇ ಇರುವವರು ಕಡಿಮೆ ಸಾರಿ ನೋಡುತ್ತಾರೆ. ವಾರಕ್ಕೆ ಎಷ್ಟು ದಿನವೆಂದು ವೈದ್ಯರನ್ನು ಕೇಳಿ ಅಷ್ಟನ್ನು ತಪ್ಪದೆ ನೋಡಿ.

ಒಂದು ವಾರದ ಪುಸ್ತಕ

ಮಣ್ಣು ಪರೀಕ್ಷೆಗೆ ಹೊಲದ ಒಂದು ಮೂಲೆಯ ಹಿಡಿ ಮಣ್ಣನ್ನು ಕಳುಹಿಸಿದರೆ ಫಲವಿಲ್ಲವೆಂದು ನೀವು ಬಲ್ಲಿರಿ. ಹಲವು ಕಡೆಯ ಮಣ್ಣನ್ನು ತೆಗೆದು ಬೆರೆಸಿದಾಗಲೇ ಹೊಲದ ಗುಣ ತಿಳಿಯುತ್ತದೆ. ಸಕ್ಕರೆಯ ವಿಷಯವೂ ಹಾಗೆಯೇ. ಮಾತ್ರೆ ತೆಗೆದುಕೊಳ್ಳುವ ಒಬ್ಬ ರೈತರ ಪುಸ್ತಕ ಹೀಗಿದೆ ಎಂದು ಇಟ್ಟುಕೊಳ್ಳೋಣ. ಅವರು ದಿನವೂ ಬೆಳಗ್ಗೆ 6 ಗಂಟೆಗೆ ನೋಡುತ್ತಾರೆ.

ಸೋಮವಾರ: ಹಿಂದಿನ ರಾತ್ರಿ 8ಕ್ಕೆ ಊಟ. ಅಂಕಿ 124.
ಮಂಗಳವಾರ: 8ಕ್ಕೆ ಊಟ. ಅಂಕಿ 131.
ಬುಧವಾರ: ಬೀಗರ ಔತಣ, 11ಕ್ಕೆ ಊಟ. ಅಂಕಿ 178.
ಗುರುವಾರ: 8ಕ್ಕೆ ಊಟ. ಅಂಕಿ 129.
ಶುಕ್ರವಾರ: ಸಂತೆಯಿಂದ ತಡವಾಗಿ ಬಂದದ್ದು, ಮಾತ್ರೆ ಮರೆತದ್ದು. ಅಂಕಿ 166.
ಶನಿವಾರ: ಊಟ ಕಡಿಮೆ; ರಾತ್ರಿ 1ರಿಂದ 4ರವರೆಗೆ ಹೊಲಕ್ಕೆ ನೀರು ಹಾಯಿಸಿದ್ದು. ಅಂಕಿ 74.
ಭಾನುವಾರ: 8ಕ್ಕೆ ಊಟ. ಅಂಕಿ 126.

ಈಗ ಓದಿ ನೋಡಿ. ನಾಲ್ಕು ದಿನಗಳ ಅಂಕಿ ಗುರಿಯ ಆಸುಪಾಸಿನಲ್ಲಿದೆ. ಬುಧವಾರದ 178 ಬರಿಹೊಟ್ಟೆಯ ಅಂಕಿಯೇ ಅಲ್ಲ. ಊಟವಾಗಿ 7 ಗಂಟೆ ಮಾತ್ರ ಕಳೆದಿತ್ತು. ಶುಕ್ರವಾರದ 166ಕ್ಕೆ ಕಾರಣವೂ ಪಕ್ಕದಲ್ಲೇ ಬರೆದಿದೆ. ಬುಧವಾರ ಒಂದು ದಿನ ಮಾತ್ರ ನೋಡಿದ್ದರೆ ಈ ರೈತರು ಹೆದರಿ ಮಾತ್ರೆ ಹೆಚ್ಚಿಸಿಕೊಳ್ಳುತ್ತಿದ್ದರು.

ಈ ಪುಸ್ತಕದಲ್ಲಿ ನಿಜವಾಗಿ ಎಚ್ಚರ ವಹಿಸಬೇಕಾದ ಅಂಕಿ ಶನಿವಾರದ 74. ಅದನ್ನು ಕಂಡು "ಸಕ್ಕರೆ ಇಳಿಯಿತು" ಎಂದು ಸಂತೋಷಪಡುವವರೇ ಹೆಚ್ಚು. ಆದರೆ ಬೆಳಗ್ಗೆ 6ಕ್ಕೆ 74 ಇದ್ದರೆ, ನೀರು ಹಾಯಿಸುತ್ತಿದ್ದ ಹೊತ್ತಿನಲ್ಲಿ ಅದು ಇನ್ನೂ ಕೆಳಗೆ ಹೋಗಿದ್ದಿರಬಹುದು. ಬುಧವಾರದ ಅಂಕಿಗೆ ಹೆದರಿ ಮಾತ್ರೆ ಹೆಚ್ಚಿಸಿಕೊಂಡಿದ್ದರೆ, ಅದೇ ವಾರದ ಈ ರಾತ್ರಿ ಅವರು ಕತ್ತಲ ಹೊಲದಲ್ಲಿ ಒಬ್ಬರೇ ಕುಸಿದು ಬೀಳುವ ಸಂಭವವಿತ್ತು.

ಸಕ್ಕರೆ ಇಳಿದಾಗ

ಅಂಕಿ 70ಕ್ಕಿಂತ ಕೆಳಗಿಳಿದರೆ ಅದು ಅಪಾಯದ ಸೂಚನೆ. ಇನ್‌ಸುಲಿನ್ ಹಾಗೂ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಜಾತಿಯ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದು ಹೆಚ್ಚು. ತಣ್ಣನೆಯ ಬೆವರು, ಕೈನಡುಕ, ಎದೆಬಡಿತ, ತಡೆಯಲಾರದ ಹಸಿವು, ಮಂಕು, ತೊದಲು ಮಾತು ಇದರ ಗುರುತುಗಳು. ಕುಡಿದಿದ್ದಾರೆಂದು ತಿಳಿದು ಜನ ದೂರ ನಿಲ್ಲುವುದೂ ಉಂಟು. ಹಾಗೆ ಮಾಡಬೇಡಿ.

ಕೂಡಲೇ 3 ಟೀ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಏರದಿದ್ದರೆ ಇನ್ನೊಮ್ಮೆ ಕೊಡಿ. ಸುಧಾರಿಸಿದ ಮೇಲೆ ಊಟ ಮಾಡಿಸಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಕೂಡದು. ಪಕ್ಕಕ್ಕೆ ಮಲಗಿಸಿ 108ಕ್ಕೆ ಕರೆ ಮಾಡಿ.

ರಾತ್ರಿ ಪಾಳಿಯಲ್ಲಿ ಕರೆಂಟು ಬಂದಾಗ ನೀರು ಹಾಯಿಸಲು ಹೋಗುವವರು ಊಟ ಬಿಡಕೂಡದು. ಜೇಬಿನಲ್ಲಿ ಸಕ್ಕರೆಯ ಪೊಟ್ಟಣವೊಂದು ಇರಲಿ. ಮನೆಯವರಿಗೆ ಹೇಳಿ ಹೋಗಿ. ಸಾಧ್ಯವಾದರೆ ಜೊತೆಗೊಬ್ಬರನ್ನು ಕರೆದುಕೊಳ್ಳಿ.

ವೈದ್ಯರಿಗೆ ತೋರಿಸುವುದು ಯಾವಾಗ?

ಅಂಕಿ ಒಮ್ಮೆ 70ಕ್ಕಿಂತ ಕೆಳಗೆ ಬಂದರೂ ತೋರಿಸಿ. ಯಾವ ಕಾರಣವೂ ಇಲ್ಲದೆ ಒಂದು ವಾರ ಗುರಿಗಿಂತ ಮೇಲೆಯೇ ಇದ್ದರೆ ತೋರಿಸಿ. 250 ದಾಟಿ ವಾಂತಿ, ಹೊಟ್ಟೆನೋವು ಅಥವಾ ಏದುಸಿರು ಇದ್ದರೆ ಅಂದೇ ಆಸ್ಪತ್ರೆಗೆ ಹೋಗಿ. ಎರಡು ಮೂರು ತಿಂಗಳ ಸರಾಸರಿಯನ್ನು ಹೇಳುವ ಎಚ್‌ಬಿಎ1ಸಿ ಎಂಬ ರಕ್ತ ಪರೀಕ್ಷೆಯನ್ನೂ ವೈದ್ಯರು ಹೇಳಿದಾಗ ಮಾಡಿಸಿ. ಮಾತ್ರೆಯನ್ನು ಏರಿಸುವುದಾಗಲಿ ಇಳಿಸುವುದಾಗಲಿ ಅವರ ಕೆಲಸ. ಪುಸ್ತಕವನ್ನು ಒದಗಿಸುವುದು ನಮ್ಮ ಕೆಲಸ.

ಇನ್ನೂ ಪರೀಕ್ಷೆ ಮಾಡಿಸದ, 30 ವರ್ಷ ತುಂಬಿದ ಎಲ್ಲರೂ ಆಶಾ ಕಾರ್ಯಕರ್ತೆಯರನ್ನು ವಿಚಾರಿಸಿ, ಆರೋಗ್ಯ ಉಪಕೇಂದ್ರದಲ್ಲಿ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಪರೀಕ್ಷಿಸಿಕೊಳ್ಳಿ. ಮಕ್ಕಳ ಹಳೆಯ ನೋಟುಪುಸ್ತಕದಲ್ಲಿ ಉಳಿದಿರುವ ಖಾಲಿ ಹಾಳೆಗಳೇ ಈ ಲೆಕ್ಕಕ್ಕೆ ಸಾಕು. ಬರೆಯಲು ಬಾರದವರಿಗೆ ಶಾಲೆಗೆ ಹೋಗುವ ಮಕ್ಕಳು ಬರೆದುಕೊಡಲಿ.

ಸಂಘದ ಸಭೆಯಲ್ಲಿ ಚರ್ಚಿಸಲು ಪ್ರಶ್ನೆಗಳು

1. ರಾತ್ರಿ 10ಕ್ಕೆ ಉಂಡವರು ಬೆಳಗ್ಗೆ ಎಷ್ಟು ಗಂಟೆಯ ಮೇಲೆ ಸಕ್ಕರೆ ನೋಡಬೇಕು?
2. ಉಪವಾಸವಿದ್ದರೂ ಬೆಳಗ್ಗೆ ಸಕ್ಕರೆ ಏರಲು ಕಾರಣವೇನು?
3. ಮೇಲಿನ ಪುಸ್ತಕದಲ್ಲಿ 178ಕ್ಕಿಂತ 74ಕ್ಕೆ ಹೆಚ್ಚು ಎಚ್ಚರ ಬೇಕು ಏಕೆ?
4. ನಮ್ಮ ಊರಿನಲ್ಲಿ ರಾತ್ರಿ ನೀರು ಹಾಯಿಸಲು ಹೋಗುವವರಲ್ಲಿ ಮಧುಮೇಹವಿರುವವರು ಯಾರು? ಅವರ ಜೊತೆಗೆ ಹೋಗುವವರು ಯಾರು?