ಊರಿಗೆ ವ್ಯಾಧಿ ಬರುವದಕ್ಕೆ ಮುಂಚೆ



2022ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ ರಾಮದುರ್ಗ ತಾಲೂಕಿನ ಮುದೇನೂರಿನಲ್ಲಿ ನಡೆದ ಸಂಗತಿಯನ್ನು ಈ ಸೀಮೆಯವರು ಮರೆತಿರಲಾರರು. ಕುಡಿಯುವ ನೀರು ಕೆಟ್ಟದ್ದರಿಂದ ಬಹು ಜನರು ವಾಂತಿಭೇದಿಯಲ್ಲಿ ಬಿದ್ದರು, ಸಾವುಗಳೂ ಸಂಭವಿಸಿದವು. ಇಂಥ ಸಮಯದಲ್ಲಿ ವೈದ್ಯರು ಬರುವದು ನಿಶ್ಚಯವೇ. ಆದರೆ ಅವರು ಬಂದು ಮುಟ್ಟುವದಕ್ಕೆ ಮುಂಚಿನ ತಾಸುಗಳು ಊರವರ ಕೈಯಲ್ಲಿರುತ್ತವೆ. ವೈದ್ಯವಿದ್ಯೆಯನ್ನು ಕಲಿಯದವರು ಆ ತಾಸುಗಳಲ್ಲಿ ಏನು ಮಾಡಬಲ್ಲರು? ಈ ಪಾಠದಲ್ಲಿ ನಾವು ವಿಚಾರಿಸತಕ್ಕದ್ದು ಅದನ್ನೇ.

1854ರ ಆಗಸ್ಟ್ ತಿಂಗಳ ಕಡೆಯಲ್ಲಿ ಲಂಡನ್ ಪಟ್ಟಣದ ಸೋಹೋ ಎಂಬ ಕೇರಿಯಲ್ಲಿ ಕಾಲರಾ ಎದ್ದು, ಹತ್ತು ದಿನಗಳೊಳಗೆ ಐನೂರಕ್ಕೂ ಹೆಚ್ಚು ಜನರು ಸತ್ತರು. ಬ್ರಾಡ್ ಸ್ಟ್ರೀಟಿನ ಪಂಪಿನ ನೀರೇ ಇದಕ್ಕೆ ಕಾರಣವೆಂದು ವೈದ್ಯನಾದ ಜಾನ್ ಸ್ನೋ ಹೇಳಿದನು. ಸೆಪ್ಟೆಂಬರ್ 8ರಂದು ಪಂಪಿನ ಹಿಡಿಕೆಯನ್ನು ತೆಗೆಯಲಾಯಿತು. ಅಲ್ಲಿಯ ಸಭೆಯಲ್ಲಿ ಹೆನ್ರಿ ವೈಟ್‌ಹೆಡ್ ಎಂಬ, ಇನ್ನೂ ಮೂವತ್ತು ತುಂಬದ ಉಪಬೋಧಕನಿದ್ದನು. ಅವನು ಸ್ನೋವಿನ ಮಾತನ್ನು ಮೊದಲು ನಂಬಲಿಲ್ಲ. ಅದು ತಪ್ಪೆಂದು ತೋರಿಸುವದಕ್ಕಾಗಿಯೇ ಮನೆಮನೆಗೆ ಹೋಗಿ, ಯಾರು ಯಾವ ನೀರು ಕುಡಿದರೆಂದು ವಿಚಾರಿಸಿದನು. ಕೆಲವು ಮನೆಗಳಿಗೆ ನಾಲ್ಕೈದು ಸಾರಿ ಹೋದನು. ಕಡೆಗೆ ಸ್ನೋವಿನ ಮಾತೇ ಸತ್ಯವೆಂದು ಅವನಿಗೆ ಕಂಡಿತು. ಭೇದಿಯಾದ ಒಂದು ಕೂಸಿನ ಬಟ್ಟೆಗಳನ್ನು ಒಗೆದ ನೀರನ್ನು ಪಂಪಿನ ಬಾವಿಗೆ ಮೂರೇ ಅಡಿ ದೂರದಲ್ಲಿದ್ದ ಮಲಗುಂಡಿಗೆ ಚೆಲ್ಲಿದ್ದರೆಂಬದನ್ನು ಕಂಡುಹಿಡಿದವನೂ ಅವನೇ. ಔಷಧವನ್ನರಿಯದ ಇವನಿಗೆ ಇದು ಹೇಗೆ ಸಾಧ್ಯವಾಯಿತು? ವ್ಯಾಧಿ ಬರುವದಕ್ಕೆ ಮುಂಚೆಯೇ ಅವನು ಆ ಮನೆಗಳಲ್ಲಿ ಪರಿಚಿತನಾಗಿದ್ದನು. ಆದದರಿಂದ ದುಃಖದಲ್ಲಿದ್ದವರೂ ಅವನಿಗೆ ಬಾಗಲು ತೆರೆದರು.

ನಮ್ಮ ಹಳ್ಳಿಗಳಲ್ಲಿ ಈ ಪರಿಚಯವು ಆಶಾ ಕಾರ್ಯಕರ್ತೆಗೆ ಉಂಟು. ಆದರೆ ಅವಳು ಒಬ್ಬಳು, ಓಣಿಗಳು ಅನೇಕ. ಒಂದೊಂದು ಓಣಿಯಿಂದ ಇಬ್ಬರು ಅವಳ ಸಂಗಡ ನಿಂತು, ಒಂಟಿಯಾಗಿರುವ ಮುದುಕರು, ಬಸುರಿಯರು, ಮೊಲೆಗೂಸುಗಳಿರುವ ಮನೆಗಳು, ಪ್ರತಿ ಮನೆಯವರು ನೀರು ತರುವ ಸ್ಥಳ, ರಾತ್ರಿಯಲ್ಲಿ ವಾಹನ ಕೊಡಬಲ್ಲವರು, ಇಷ್ಟನ್ನು ಬರೆದಿಡಲಿ. ಈ ಪಟ್ಟಿಯನ್ನು ಚಾವಡಿಯಲ್ಲಿ ಓದಿ ತೋರಿಸಕೂಡದು. ಒಬ್ಬನ ರೋಗವು ಊರ ಬಾಯಿಗೆ ಬಿದ್ದರೆ, ಮುಂದಿನ ಸಾರಿ ಆ ಮನೆಯ ಬಾಗಲು ತೆರೆಯುವದಿಲ್ಲ.

ಎರಡನೆಯದು, ವಾಂತಿಭೇದಿಯಲ್ಲಿ ಕೊಲ್ಲುವದು ಬಹುಮಟ್ಟಿಗೆ ಮೈಯೊಳಗಿನ ನೀರೂ ಉಪ್ಪೂ ಹೋಗುವದೇ. 1971ರಲ್ಲಿ ಪೂರ್ವ ಬಂಗಾಳದಿಂದ ಓಡಿಬಂದವರು ಬನಗಾಂವಿನ ಶಿಬಿರದಲ್ಲಿ ಕಾಲರಾದಿಂದ ಸಾಯುತ್ತಿರಲು, ಶಿರೆಯೊಳಗೆ ಕೊಡುವ ದ್ರಾವಣವು ಸಾಲದೆ ಹೋಯಿತು. ಆಗ ಡಾಕ್ಟರ್ ದಿಲೀಪ್ ಮಹಾಲನೊಬಿಸ್ ಎಂಬವರು ಉಪ್ಪು ಸಕ್ಕರೆಗಳ ನೀರನ್ನು ಪೀಪಾಯಿಗಳಲ್ಲಿ ತುಂಬಿಸಿ, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕಡಿಮೆಯಾಯಿತು. ಓ.ಆರ್.ಎಸ್. ಪೊಟ್ಟಣವಿದ್ದರೆ ಅದೇ ಉತ್ತಮ. ಇಲ್ಲದಿದ್ದರೆ ಕಾಯಿಸಿ ಆರಿಸಿದ ಒಂದು ಲೀಟರು ನೀರಿಗೆ ಸಕ್ಕರೆ ಆರು ಚಹಾ ಚಮಚೆ, ಉಪ್ಪು ಅರ್ಧ ಚಮಚೆ, ಎರಡನ್ನೂ ಅಂಚಿಗೆ ಸಮಮಾಡಿ ಹಾಕಬೇಕು. ಉಪ್ಪು ಹೆಚ್ಚಿದರೆ ಕೂಸಿಗೆ ಅಪಾಯ. ಕುಡಿದದ್ದನ್ನು ಕಾರಿದರೆ ಹತ್ತು ನಿಮಿಷ ತಾಳಿ, ಚಮಚೆ ಚಮಚೆಯಾಗಿ ಪುನಃ ಕೊಡತಕ್ಕದ್ದು. ಭೇದಿಯಾದವರಿಗೆ ನೀರು ಕೊಡಬಾರದೆಂಬ ಹಿರಿಯರ ಮಾತು ಇನ್ನೂ ಕೆಲವು ಮನೆಗಳಲ್ಲಿ ಕೇಳಿಬರುತ್ತದೆ. ಅದನ್ನು ವಿನಯದಿಂದ, ಆದರೆ ದೃಢವಾಗಿ ತಡೆಯಬೇಕು. ಕಣ್ಣು ಗುಳಿಬಿದ್ದು, ಮೂತ್ರ ನಿಂತು, ಮಂಪರು ಕವಿದರೆ ತಡಮಾಡದೆ 108ಕ್ಕೆ ಕರೆಮಾಡಿರಿ. ವಾಹನವು ಬರುವ ತನಕ ನುಂಗಬಲ್ಲವನಿಗೆ ಕುಡಿಸುತ್ತಲೇ ಇರ್ರಿ.

ಮೂರನೆಯದು ಬಾವಿ. 2019ರ ಆಗಸ್ಟಿನಲ್ಲಿ ಮಲಪ್ರಭೆಯು ಉಕ್ಕಿದ್ದನ್ನು ಸವದತ್ತಿ, ರಾಮದುರ್ಗಗಳ ದಂಡೆಯವರು ಬಲ್ಲರು. ಹೊರಗಿನ ನೀರು ನುಗ್ಗಿದ ಬಾವಿಯನ್ನು ಶುದ್ಧಿಮಾಡದೆ ಕುಡಿಯಬಾರದು. ಬಾವಿಯ ಅಗಲವನ್ನು ಮೀಟರಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದಲೂ 785ರಿಂದಲೂ ಗುಣಿಸಿದರೆ ಲೀಟರುಗಳು ಸಿಕ್ಕುವವು. ಮೂರು ಮೀಟರು ಅಗಲ, ನಾಲ್ಕು ಮೀಟರು ನೀರಿದ್ದರೆ 28,260 ಲೀಟರು. ಸಾವಿರ ಲೀಟರಿಗೆ ಎರಡೂವರೆ ಗ್ರಾಮಿನ ಮೇರೆಗೆ ಸುಮಾರು 70 ಗ್ರಾಂ ಒಳ್ಳೇ ಬ್ಲೀಚಿಂಗ್ ಪುಡಿ ಬೇಕು. ಅದನ್ನು ಬಕೀಟಿನಲ್ಲಿ ಕಲಸಿ, ಸುಣ್ಣವು ತಳಕ್ಕೆ ಇಳಿದ ಮೇಲೆ ತಿಳಿಯನ್ನು ಮಾತ್ರ ಬಾವಿಯೊಳಗೆ ಬಿಟ್ಟು, ಕೊಡದಿಂದ ಚೆನ್ನಾಗಿ ಕಲಕಿ, ಒಂದು ತಾಸು ಯಾರೂ ಸೇದಕೂಡದು. ಕದಡಿದ ನೀರಿಗೆ ಹೆಚ್ಚು ಬೇಕಾಗುವದರಿಂದ ಆರೋಗ್ಯ ಇಲಾಖೆಯವರಿಂದ ಪರೀಕ್ಷೆ ಮಾಡಿಸಬೇಕು. ಬಿಸಿಲಿಗೂ ಗಾಳಿಗೂ ತೆರೆದಿಟ್ಟ ಪುಡಿಯು ಸತ್ವಹೀನವಾಗುತ್ತದೆ. ಪಂಚಾಯತಿಯ ಮೂಲೆಯಲ್ಲಿ ಹರಿದ ಚೀಲದಲ್ಲಿರುವ ಹಳೇ ಪುಡಿಯನ್ನು ನಂಬುವದು ಬರೇ ಸುಣ್ಣವನ್ನು ನಂಬಿದಂತೆಯೇ.

ಇದನ್ನು ಮಾಡುವದಕ್ಕೆ ತಕ್ಕ ಕಾಲಗಳು ಎರಡು. ಒಂದು, ಮುಂಗಾರಿಗೆ ಮುಂಚೆ. ಇನ್ನೊಂದು, ಬನದ ಹುಣ್ಣಿವೆ ಭಾರತ ಹುಣ್ಣಿವೆಗಳಲ್ಲಿ ಲಕ್ಷಾಂತರ ಜನರು ಎಲ್ಲಮ್ಮನ ಗುಡ್ಡಕ್ಕೆ ಹೋಗುತ್ತಾ ಕಿತ್ತೂರು ಬೈಲಹೊಂಗಲ ಸೀಮೆಯ ಊರುಗಳಲ್ಲಿಯೂ ಇಳಿದು ನೀರು ಕುಡಿಯುವದಕ್ಕೆ ಮುಂಚೆ. ಪ್ರತಿ ಊರಿನಲ್ಲಿ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಎಂಬದು ಇರತಕ್ಕದ್ದು. ಈ ತಿಂಗಳು ನಿಮ್ಮ ಊರಿನ ಸಮಿತಿಯು ಎಂದು ಕೂಡುವದೆಂದು ಆಶಾ ಕಾರ್ಯಕರ್ತೆಯನ್ನು ಕೇಳಿರಿ, ಮತ್ತು ಓಣಿಯ ಪಟ್ಟಿಯನ್ನೂ ಬಾವಿಯ ಅಳತೆಯನ್ನೂ ತಕ್ಕೊಂಡು ಆ ದಿನ ಅಲ್ಲಿಗೆ ಹೋಗಿರಿ.